ಡಾಕ್ಟ್ರಮ್ಮನಿಗೆ ಕೇಳಿ: ಹೋರಿಗೆ ಉಂಗುರವೋ, ಮೂಗುದಾರವೋ?

ಈ ಸಲ ಬಂದ ಕಾಗದಗಳಲ್ಲಿ ಮೂಗಿನ ವಿಚಾರವೇ ಜಾಸ್ತಿ. ಕೆಚ್ಚಲು ಬಾವು, ಬೆದೆಗೆ ಬಾರದ ಹಸು, ಇವರೆಲ್ಲ ಮುಂದಿನ ಸಂಚಿಕೆಗೆ ಕಾಯಲಿ. ಸರ್ಕಾರಿ ಪಶು ಆಸ್ಪತ್ರೆಯ ಕೆಲಸದಿಂದ ನಿವೃತ್ತಿ ಆದ ಮೇಲೂ ಮನೆ ಮುಂದೆ ಹೋರಿ ಹೊಡೆದುಕೊಂಡು ಬರುವವರು ಕೇಳುವುದು ಇದನ್ನೇ. ಹಾಗಾಗಿ ಇವತ್ತು ಪೂರ್ತಿ ಇದೇ ಮಾತು.

ಪ್ರಶ್ನೆ: ಡಾಕ್ಟ್ರಮ್ಮನವರಿಗೆ ನಮಸ್ಕಾರ. ನಮ್ಮದು ಚನ್ನರಾಯಪಟ್ಟಣ ತಾಲ್ಲೂಕು. ಮನೆಯಲ್ಲೇ ಹುಟ್ಟಿದ ಹಳ್ಳಿಕಾರ್ ಹೋರಿಗರು ಇದೆ, ಹದಿನಾಲ್ಕು ತಿಂಗಳಾಯ್ತು. ಬೀಜಕ್ಕೆ ಉಳಿಸಿಕೊಳ್ಳೋಣ ಅಂತಿದ್ದೀವಿ. ಈಗಲೇ ಹಿಡಿತಕ್ಕೆ ಸಿಗುತ್ತಿಲ್ಲ. ಹೋದ ವಾರ ನನ್ನ ಹೆಂಡತಿಯನ್ನು ಗೋಡೆಗೆ ಒತ್ತಿಬಿಟ್ಟಿತು. ಮೂಗು ಚುಚ್ಚುವವರನ್ನು ಕರೆಸಿ ಮೂಗುದಾರ ಹಾಕಿಸು ಅಂತ ಅಪ್ಪ ಹೇಳ್ತಾರೆ. ಮಗ ಆನ್‌ಲೈನಿನಲ್ಲಿ ಸ್ಟೀಲಿನ ಉಂಗುರ ತರಿಸಿದ್ದಾನೆ. ಅದರ ತುದಿಯೇ ಚೂಪಾಗಿದೆ, ನಾವೇ ಚುಚ್ಚಿ ಹಾಕಬಹುದು ಅಂತಾನೆ. ಜನವರಿಯಲ್ಲಿ ಬೂಕನಬೆಟ್ಟದ ಜಾತ್ರೆಗೆ ಹೊಡೆದುಕೊಂಡು ಹೋಗುವ ಆಸೆ ಇದೆ. ಯಾರ ಮಾತು ಕೇಳಲಿ?
(ಒಬ್ಬ ರೈತರು, ಹಾಸನ ಜಿಲ್ಲೆ)

ಉತ್ತರ: ಮೊದಲು ನಿಮ್ಮ ಹೆಂಡತಿಯವರಿಗೆ ಹೇಳಿ, ಇನ್ನು ಮೇಲೆ ಆ ಹೋರಿ ಕಟ್ಟಿರುವ ಕಡೆ ಒಬ್ಬರೇ ಹೋಗೋದು ಬೇಡ. ಕೈಯಲ್ಲಿ ಬೆಲ್ಲ ತಿಂದು ಬೆಳೆದ ಹೋರಿಗೆ ಮನುಷ್ಯರ ಹೆದರಿಕೆ ಇರುವುದಿಲ್ಲ. ಕರುವಾಗಿದ್ದಾಗ ತಲೆಯಲ್ಲಿ ತಳ್ಳಿದರೆ ನಾವೇ ಮುದ್ದು ಅಂತ ನಗುತ್ತೇವೆ. ಎರಡು ಹಲ್ಲು ಆಗುವ ಹೊತ್ತಿಗೆ, ಅಂದರೆ ಎರಡು ವರ್ಷ ದಾಟುವಾಗ, ಅದೇ ತಳ್ಳು ಪಕ್ಕೆಲುಬು ಮುರಿಯುತ್ತದೆ.

ಉಂಗುರವನ್ನು ಬಿಸಾಡಬೇಡಿ. ಬೀಜದ ಹೋರಿಗೆ ಉಂಗುರವೇ ಒಳ್ಳೆಯದು. ವೀರ್ಯ ಸಂಗ್ರಹಿಸುವ ಕೇಂದ್ರಗಳಲ್ಲಿ ಸಾಕುವ ಹೋರಿಗಳಿಗೂ ಉಂಗುರ ಹಾಕಿರುತ್ತಾರೆ. ಕೊಟ್ಟಿಗೆಯಲ್ಲೇ ನಿಲ್ಲುವ ಹೋರಿಗೆ ನೂಲಿನ ಮೂಗುದಾರ ಹಾಕಿದರೆ ಅದು ಸಿಂಬಳ, ಜೊಲ್ಲು, ಬೂಸಾ ಎಲ್ಲಾ ಹೀರಿಕೊಂಡು ಗಟ್ಟಿಯಾಗಿ ಗರಗಸದ ಹಾಗೆ ಆಗುತ್ತದೆ. ಲೋಹದ ಉಂಗುರ ನೀರು ಹಾಕಿದರೆ ಚೊಕ್ಕ. ಉಳುವ ಎತ್ತಿನ ಮಾತು ಬೇರೆ. ಜೋಡಿ ಕಟ್ಟಿ ಗಾಡಿ ಹೊಡೆಯುವಾಗ ಹಗ್ಗ ಹಿಂದಕ್ಕೆ ಬರಬೇಕು. ಪಕ್ಕದ ಎತ್ತಿನ ಕೊಂಬಿಗೋ ಹಗ್ಗಕ್ಕೋ ಉಂಗುರ ಸಿಕ್ಕಿಕೊಂಡರೆ ಕಷ್ಟ. ಅಲ್ಲಿ ಮೂಗುದಾರವೇ ಸರಿ. ಹಾಗಾಗಿ ನಿಮ್ಮ ಅಪ್ಪ ಹೇಳಿದ್ದೂ ತಪ್ಪಲ್ಲ, ಅವರು ಎತ್ತಿನ ಲೆಕ್ಕದಲ್ಲಿ ಹೇಳಿದ್ದಾರೆ.

ಆದರೆ ಉಂಗುರದ ಚೂಪು ತುದಿಯಿಂದಲೇ ಚುಚ್ಚುವ ಯೋಚನೆ ಬಿಡಿ. ಅರ್ಧ ಚುಚ್ಚಿದಾಗ ಹೋರಿ ತಲೆ ಒದರುತ್ತದೆ. ಎರಡನೇ ಸಲ ಚುಚ್ಚುವಾಗ ತೂತು ಇನ್ನೊಂದು ಕಡೆ ಬೀಳುತ್ತದೆ. ಒಂದು ಮೂಗಿಗೆ ಎರಡು ಗಾಯ.

ತಂದ ಉಂಗುರವನ್ನು ಒಮ್ಮೆ ಸರಿಯಾಗಿ ನೋಡಿ. ಎರಡು ಅರ್ಧ ಬಳೆ, ಮಧ್ಯೆ ಒಂದು ಕೀಲು, ಮುಚ್ಚುವ ಕಡೆ ಸಣ್ಣ ತಿರುಪು ಇರುತ್ತದೆ. ಅಡ್ಡಳತೆ ಈಗ ಎರಡೂವರೆ ಇಂಚು ಸಾಕು. ಬೆಳೆದ ಮೇಲೆ ಮೂರು ಇಂಚಿನದು ಬೇಕಾಗಬಹುದು. ತಾಮ್ರ, ಹಿತ್ತಾಳೆ, ಸ್ಟೀಲ್ ಯಾವುದಾದರೂ ಆದೀತು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸರಳು ಬಗ್ಗಿಸಿ ಮಾಡಿಸಿದ್ದು ಬೇಡವೇ ಬೇಡ, ತುಕ್ಕು ಹಿಡಿಯುತ್ತದೆ. ಉಂಗುರ ಮುಚ್ಚಿ, ಸ್ವಲ್ಪ ಹತ್ತಿಯನ್ನು ಅದರ ಸುತ್ತ ಹಿಡಿದು ಎಳೆಯಿರಿ. ಕೀಲಿನ ಹತ್ತಿರ, ತಿರುಪಿನ ಹತ್ತಿರ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಏಣು ಇದೆ ಅಂತ ಅರ್ಥ. ಸಣ್ಣ ಅರದಲ್ಲಿ ಉಜ್ಜಿ ನುಣುಪು ಮಾಡಿ. ಹತ್ತಿ ಸಿಕ್ಕಿಕೊಳ್ಳುವ ಕಡೆ ಮೂಗಿನ ಒಳಗಿನ ತೆಳು ಚರ್ಮವೂ ಸಿಕ್ಕಿಕೊಳ್ಳುತ್ತದೆ.

ಈಗ ಮುಖ್ಯವಾದದ್ದು, ಎಲ್ಲಿ ಚುಚ್ಚಬೇಕು ಅನ್ನೋದು. ಎರಡು ಹೊಳ್ಳೆಗಳ ಮಧ್ಯೆ ಒಂದು ಅಡ್ಡಗೋಡೆ ಇದೆ ಅಲ್ವಾ? ಅದು ಉದ್ದಕ್ಕೂ ಒಂದೇ ತರ ಇರುವುದಿಲ್ಲ. ಹೆಬ್ಬೆರಳನ್ನು ಒಂದು ಹೊಳ್ಳೆಯಲ್ಲೂ ತೋರುಬೆರಳನ್ನು ಇನ್ನೊಂದರಲ್ಲೂ ಇಟ್ಟು ಅಡ್ಡಗೋಡೆಯನ್ನು ಹಿಡಿದರೆ ಒಳಗಡೆ ಗಟ್ಟಿಯಾಗಿ ಸಿಗುತ್ತದೆ. ಅದು ಮೃದ್ವಸ್ಥಿ, ಕುರುಮೂಳೆ ಅಂತೀವಲ್ಲ, ಅದು. ಬೆರಳನ್ನು ಹಾಗೇ ಮುಂದಕ್ಕೆ ಜಾರಿಸಿ. ಕುರುಮೂಳೆ ಮುಗಿದು, ಮೂಗಿನ ತುದಿಯ ಒದ್ದೆ ಚರ್ಮ ಶುರುವಾಗುವ ಮುಂಚೆ, ಕಿವಿಯ ಹಾಲೆಯಷ್ಟು ಮೆತ್ತಗಿರುವ ಒಂದು ಜಾಗ ಬೆರಳಿಗೆ ತಾಗುತ್ತದೆ. ಬೆರಳು ಬೆರಳು ಕೂಡುವ ಹಾಗೆ ತೆಳುವಾಗಿರುತ್ತದೆ. ಚುಚ್ಚಬೇಕಾದ್ದು ಅಲ್ಲೇ. ಹಿಂದೆ ಕುರುಮೂಳೆಗೆ ಚುಚ್ಚಿದರೆ ನೋವು ಜಾಸ್ತಿ, ಗಾಯ ಮಾಯುವುದು ನಿಧಾನ, ಕೀವು ಕಟ್ಟಿದರೆ ತಿಂಗಳುಗಟ್ಟಲೆ ಗೋಳು. ತುಂಬಾ ಮುಂದೆ ಚುಚ್ಚಿದರೆ ಹಿಡಿತಕ್ಕೆ ಮಾಂಸವೇ ಇಲ್ಲ, ಒಂದು ದಿನ ಜೋರಾಗಿ ಎಳೆದಾಗ ಹರಿದು ಬರುತ್ತದೆ. ನಾನು ನೋಡಿದ ಹರಿದ ಮೂಗುಗಳಲ್ಲಿ ಹೆಚ್ಚಿನವು ಮುಂದೆ ಚುಚ್ಚಿದವೇ.

ಚುಚ್ಚುವ ಕೆಲಸ ಪಶುವೈದ್ಯರದು. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ. ಆಸ್ಪತ್ರೆ ದೂರ ಇದ್ದರೆ ಸಂಚಾರಿ ಪಶು ಚಿಕಿತ್ಸೆಯ ಸರ್ಕಾರಿ ಸೇವೆಯಾದ ಪಶು ಸಂಜೀವಿನಿಯ 1962 ನಂಬರಿಗೆ ಫೋನ್ ಮಾಡಿ ಕೇಳಿ ನೋಡಿ. ಯಾಕೆ ಡಾಕ್ಟ್ರೇ ಬೇಕು ಅಂದರೆ, ಮೂಗು ದನದ ಮೈಯಲ್ಲೇ ತುಂಬಾ ಸೂಕ್ಷ್ಮವಾದ ಜಾಗ. ಅದಕ್ಕೇ ತಾನೇ ಅಷ್ಟು ದೊಡ್ಡ ಹೋರಿ ಒಂದು ಬೆರಳಿನ ಎಳೆತಕ್ಕೆ ಬಗ್ಗುವುದು? ಅಂಥ ಕಡೆ ಮರಗಟ್ಟಿಸುವ ಮದ್ದು ಕೊಡದೆ ಚುಚ್ಚಿದರೆ ಹೋರಿ ಆ ನೋವನ್ನು ಮರೆಯುವುದಿಲ್ಲ. ಆಮೇಲೆ ಮುಖದ ಹತ್ತಿರ ಕೈ ತಂದರೂ ತಲೆ ಎಗರಿಸುತ್ತದೆ. ಲಿಗ್ನೊಕೇನ್ ಸೂಜಿ ಕೊಟ್ಟು ಐದು ಹತ್ತು ನಿಮಿಷ ಕಾದರೆ ಈ ತಾಪತ್ರಯ ತಪ್ಪುತ್ತದೆ. ತೀರಾ ಪುಂಡ ಹೋರಿಯಾದರೆ ಮಂಪರಿನ ಮದ್ದೂ ಕೊಡುತ್ತಾರೆ. ಹಾಗಿದ್ದಾಗ ಹಿಂದಿನ ದಿನ ಎಷ್ಟು ಹೊತ್ತಿಗೆ ಮೇವು ನಿಲ್ಲಿಸಬೇಕು ಅಂತ ಡಾಕ್ಟ್ರನ್ನು ಕೇಳಿಕೊಳ್ಳಿ. ಹೊಟ್ಟೆ ತುಂಬಿದ ದನ ಮಂಪರಿನಲ್ಲಿ ಒಂದೇ ಮಗ್ಗುಲಿಗೆ ಮಲಗಿದರೆ ಹೊಟ್ಟೆ ಉಬ್ಬರಿಸಿ ಜೀವಕ್ಕೇ ಬರಬಹುದು. ಈ ಮಂಪರಿನ ಮದ್ದನ್ನು ಔಷಧಿ ಅಂಗಡಿಯಿಂದ ತಂದು ತಾವೇ ಚುಚ್ಚುವ ಧೈರ್ಯಶಾಲಿಗಳೂ ಇದ್ದಾರೆ. ಜೈಲಜಿನ್ ಅನ್ನುವ ಈ ಮದ್ದು ಕುದುರೆಗೆ ಬೇಕಾಗುವ ಪ್ರಮಾಣದ ಹತ್ತನೇ ಒಂದು ಭಾಗ ದನಕ್ಕೆ ಸಾಕು. ಅಂದಾಜಿನ ಮೇಲೆ ಕೊಡುವ ಮದ್ದಲ್ಲ ಅದು.

ಆ ದಿನ ನಿಮ್ಮ ಕೆಲಸ ಹಿಡಿಯೋದು. ಆಸ್ಪತ್ರೆಯ ಕಂಬಿ ಚೌಕಟ್ಟಿನೊಳಗೆ ನಿಲ್ಲಿಸುವುದು ಎಲ್ಲಕ್ಕಿಂತ ಒಳ್ಳೆಯದು. ಮನೆಯಲ್ಲೇ ಆದರೆ ಗಟ್ಟಿ ಮರ ಅಥವಾ ಕಂಬಕ್ಕೆ ಮುಖದ ಹಗ್ಗದಲ್ಲಿ ತಲೆಯನ್ನು ಎತ್ತಿ, ಒಂದು ಪಕ್ಕಕ್ಕೆ ತಿರುಗಿಸಿ ಬಿಗಿಯಿರಿ. ಒಮ್ಮೆಗೇ ಬಿಚ್ಚಲು ಬರುವ ಜಾರುಗಂಟು ಹಾಕಿ. ಕುತ್ತಿಗೆ ಬಿಗಿದು ಹೋರಿ ಕುಸಿದರೆ ಆಗ ಗಂಟು ಬಿಡಿಸುತ್ತಾ ನಿಲ್ಲೋಕೆ ಆಗಲ್ಲ. ತಿಳಿದ ಇಬ್ಬರು ಸಾಕು. ಊರಿನ ಹುಡುಗರೆಲ್ಲ ಮೊಬೈಲ್ ಹಿಡಿದು ಸುತ್ತ ನಿಂತು ಕೂಗಾಡಿದರೆ ಹೋರಿ ಅರ್ಧ ಹುಚ್ಚಾಗಿರುತ್ತದೆ.

ಡಾಕ್ಟ್ರು ಏನು ಮಾಡುತ್ತಾರೆ ಅಂತ ತಿಳಿದಿದ್ದರೆ ನಿಮಗೂ ಗಾಬರಿ ಇರುವುದಿಲ್ಲ. ಟ್ರೋಕಾರ್ ಅಂತ ಒಂದು ಚೂಪು ಸರಳು, ಅದರ ಮೇಲೆ ಕೊಳವೆಯ ಕವಚ. ಎರಡನ್ನೂ ಕುದಿಸಿರುತ್ತಾರೆ. ಮೆತ್ತಗಿನ ಜಾಗದಲ್ಲಿ ಒಂದೇ ಏಟಿಗೆ ನೇರವಾಗಿ ದಾಟಿಸಿ ಸರಳನ್ನು ಹಿಂದಕ್ಕೆ ಎಳೆಯುತ್ತಾರೆ, ಕೊಳವೆ ಅಲ್ಲೇ ಉಳಿಯುತ್ತದೆ. ಉಂಗುರದ ತುದಿಯನ್ನು ಕೊಳವೆಯೊಳಗೆ ಸಿಕ್ಕಿಸಿ ಕೊಳವೆಯನ್ನು ಎಳೆದರೆ ಹಿಂದೆಯೇ ಉಂಗುರ ಬರುತ್ತದೆ. ತಿರುಪು ಬಿಗಿದು ಮುಗಿಸುತ್ತಾರೆ. ಮೂಗು ಚುಚ್ಚುವ ಬೇರೆ ಉಪಕರಣಗಳೂ ಇವೆ, ಅವರವರ ರೂಢಿ. ತಿರುಪನ್ನು ಕೈತಪ್ಪಿ ಹುಲ್ಲಿನ ಮೇಲೆ ಬೀಳಿಸಿ ಹುಡುಕುತ್ತಾ ಕೂತವರನ್ನು ಎಷ್ಟೋ ಸಲ ನೋಡಿದ್ದೇನೆ. ಕೆಳಗೊಂದು ಬಿಳಿ ಬಟ್ಟೆ ಹಾಸಿ. ಒಂದಿಷ್ಟು ರಕ್ತ ಬರುತ್ತದೆ, ಶುಭ್ರ ಬಟ್ಟೆಯಲ್ಲಿ ಒತ್ತಿ ಹಿಡಿದರೆ ನಿಲ್ಲುತ್ತದೆ. ಧನುರ್ವಾಯು ಸೂಜಿಯನ್ನು ಮರೆಯದೆ ಕೇಳಿ ಹಾಕಿಸಿ.

ಇನ್ನು ಕಾಲ. ಮಳೆಗಾಲದಲ್ಲಿ ಬೇಡ. ನೊಣ ಕೂತು ಹುಳ ಬಿದ್ದರೆ ಮೂಗಿನೊಳಗಿನ ಹುಳ ತೆಗೆಯುವುದು ತಮಾಷೆ ಅಲ್ಲ. ನಿಮಗೆ ಜನವರಿಯ ಜಾತ್ರೆ ಇರುವುದರಿಂದ ಕಾರ್ತಿಕ ಮಾಸದಲ್ಲಿ, ನವೆಂಬರ್ ಕೊನೆಯೊಳಗೆ ಹಾಕಿಸಿಬಿಡಿ. ಗಾಯ ಮಾಯಲು ಮೂರು ನಾಲ್ಕು ವಾರ ಬೇಕು. ಜಾತ್ರೆಯ ಹಿಂದಿನ ವಾರ ಹಾಕಿಸಿಕೊಂಡು ಹಸಿ ಮೂಗಿನಲ್ಲಿ ಹೋದರೆ ಅಲ್ಲಿಯ ಧೂಳು, ಜನ, ಎಳೆದಾಟ ಎಲ್ಲವೂ ಆ ಗಾಯಕ್ಕೇ. ಸುತ್ತಮುತ್ತ ಕಾಲುಬಾಯಿ ಜ್ವರವೋ ಚರ್ಮಗಂಟು ರೋಗವೋ ಇದ್ದರೆ ಚುಚ್ಚಿಸುವುದನ್ನು ಮುಂದಕ್ಕೆ ಹಾಕಿ. ಊರಿನ ಮೂಗು ಚುಚ್ಚುವವರ ಕೈಗುಣ ಎಷ್ಟೇ ಚೆನ್ನಾಗಿರಲಿ, ಅವರ ದಬ್ಬಣ ಹಿಂದಿನ ಕೊಟ್ಟಿಗೆಯಲ್ಲಿ ಯಾವ ದನಕ್ಕೆ ಚುಚ್ಚಿತ್ತೋ ಯಾರಿಗೆ ಗೊತ್ತು? ಬೆಂಕಿಗೆ ಒಂದು ಸಲ ತೋರಿಸಿ ಪಂಚೆಗೆ ಒರೆಸಿದರೆ ಅದು ಶುದ್ಧವಾಗುವುದಿಲ್ಲ.

ಆರೈಕೆ ಕಷ್ಟದ್ದಲ್ಲ, ಆದರೆ ದಿನಾ ಮಾಡಬೇಕು. ಉಗುರು ಬೆಚ್ಚಗಿನ ಉಪ್ಪುನೀರಿನಲ್ಲಿ ಬಟ್ಟೆ ಅದ್ದಿ ಒಣಗಿದ ಸಿಂಬಳ ನೆನೆಸಿ ತೆಗೆಯಿರಿ. ಒಣಗಿದ್ದನ್ನು ಕಿತ್ತು ಉಂಗುರ ತಿರುಗಿಸಬೇಡಿ, ನೆನೆದ ಮೇಲೆ ಸ್ವಲ್ಪವೇ ಅತ್ತಿತ್ತ ಸರಿಸಿ. ಡಾಕ್ಟ್ರು ಕೊಟ್ಟ ಮದ್ದನ್ನು ಬಿಟ್ಟು ಬೇರೇನೂ ಹಚ್ಚಬೇಡಿ. ದನಕ್ಕೆ ನಾಲಿಗೆಯಲ್ಲಿ ಮೂಗು ನೆಕ್ಕಿಕೊಳ್ಳುವ ಅಭ್ಯಾಸ ಇದೆ. ಎರಡು ಹೊಳ್ಳೆಗೂ ನಾಲಿಗೆ ತೂರಿಸಿ ಬಳಿದುಬಿಡುತ್ತದೆ. ನೀವು ಹಚ್ಚಿದ ಫಿನಾಯಿಲ್, ಸೀಮೆಎಣ್ಣೆ ಎಲ್ಲಾ ನೇರ ಹೊಟ್ಟೆಗೆ. ಒಣ ಬೂಸಾ ಹಾಕಿದರೆ ಉಸಿರಿನ ಜೊತೆ ಪುಡಿ ಹಾರಿ ಗಾಯಕ್ಕೆ ಮೆತ್ತುತ್ತದೆ, ನೆನೆಸಿ ಕೊಡಿ. ನೀರನ್ನು ಹಿಡಿ ಇರುವ ಬಕೆಟ್‌ನಲ್ಲಿ ಇಡಬೇಡಿ. ಹಿಡಿ ಉಂಗುರಕ್ಕೆ ಸಿಕ್ಕಿಕೊಂಡು ಬಕೆಟ್ ಸಮೇತ ಓಡಿದ ಹೋರಿಯ ಮೂಗು ಹೊಲಿದದ್ದು ನನಗೆ ನೆನಪಿದೆ. ಅಗಲ ಬಾಯಿಯ ತೊಟ್ಟಿ ಇರಲಿ. ಗೋದಲಿಯಲ್ಲಿ ಎದ್ದಿರುವ ಮೊಳೆ, ತಂತಿ ಎಲ್ಲಾ ಅದಕ್ಕೂ ಮೊದಲೇ ಕಿತ್ತು ಹಾಕಿ. ಕೆಟ್ಟ ವಾಸನೆ, ಊತ, ಮೇವು ಬಿಡೋದು, ಇವುಗಳಲ್ಲಿ ಒಂದು ಕಂಡರೂ ಮತ್ತೆ ತೋರಿಸಿ.

ಮತ್ತೆ, ಉಂಗುರ ಬಂತು ಅಂತ ಹೋರಿ ಸಾಧು ಆಗುವುದಿಲ್ಲ. ಇವತ್ತಿನಿಂದಲೇ ಅದಕ್ಕೆ ಮುಖದ ಹಗ್ಗದಲ್ಲಿ ನಡೆಯುವುದನ್ನು ಕಲಿಸಿ. ಬೆಳಿಗ್ಗೆ ಸಂಜೆ ನೀರಿಗೆ ಹೊಡೆದುಕೊಂಡು ಹೋಗಿ, ನಿಲ್ಲು ಅಂದರೆ ನಿಲ್ಲಬೇಕು, ಹಾಗೆ. ಮುಂದೆ ಉಂಗುರಕ್ಕೆ ಹಗ್ಗ ಹಾಕಿದಾಗಲೂ ಮುಖದ ಹಗ್ಗವೇ ಮುಖ್ಯ. ಉಂಗುರದ್ದು ಇನ್ನೊಂದು ಕೈಯಲ್ಲಿ ಸಡಿಲವಾಗಿ ಇರಲಿ, ಹೋರಿ ಮಾತು ಕೇಳದಾಗ ಒಂದು ಚಿಕ್ಕ ಜಗ್ಗು ಸಾಕು. ತುದಿಯಲ್ಲಿ ಕೊಕ್ಕೆ ಇರುವ ಉದ್ದ ಕೋಲನ್ನು ಉಂಗುರಕ್ಕೆ ಸಿಕ್ಕಿಸಿ ಹಿಡಿದರೆ ಹೋರಿಗೂ ನಿಮಗೂ ಮಧ್ಯೆ ಒಂದು ಅಂತರ ಉಳಿಯುತ್ತದೆ, ಮೈಮೇಲೆ ಬರೋಕೆ ಆಗಲ್ಲ. ಮೂಗು ಇರುವುದು ಹಿಡಿಯೋಕೆ, ಕಟ್ಟೋಕೆ ಅಲ್ಲ. ಗೂಟಕ್ಕೆ, ಗಾಡಿಗೆ, ಟೆಂಪೋಗೆ ಕಟ್ಟುವುದೆಲ್ಲ ಕತ್ತಿನ ಹಗ್ಗದಲ್ಲೇ. ಮೂಗಿನಿಂದ ಕಟ್ಟಿದ ಹೋರಿ ಒಂದು ಪಟಾಕಿ ಸದ್ದಿಗೆ ಬೆದರಿದರೆ ಏನಾಗುತ್ತದೆ ಅನ್ನೋದನ್ನು ಕೆಳಗಿನ ಕಾಗದ ಹೇಳುತ್ತದೆ.

ಪ್ರಶ್ನೆ: ಮೇಡಂ, ನಮ್ಮದು ಹಾವೇರಿ ಜಿಲ್ಲೆ. ಹೋರಿ ಬೆದರಿಸುವ ಹಬ್ಬದಲ್ಲಿ ಓಡಿಸುವ ಹೋರಿ ನಮ್ಮದು. ಮೂಗುದಾರದ ಹಗ್ಗವನ್ನು ಕಂಬಕ್ಕೆ ಕಟ್ಟಿದ್ದೆವು. ಹುಡುಗರು ಪಟಾಕಿ ಹಚ್ಚಿದಾಗ ಎಗರಿ ಮೂಗು ಹರಕೊಂಡಿತು. ಎಂಟು ತಿಂಗಳಾಯ್ತು. ಗಾಯ ಮಾಯಿದೆ, ಆದರೆ ಮೂಗಿನ ತುದಿ ಎರಡು ಸೀಳಾಗಿಯೇ ಇದೆ. ಅದರ ಹಿಂದೆ ಇನ್ನೊಂದು ತೂತು ಹಾಕಿಸಬಹುದಾ?

ಉತ್ತರ: ಬೇಡ. ಹಿಂದೆ ಇರುವುದು ಕುರುಮೂಳೆ. ಮೇಲಿನ ಉತ್ತರ ಓದಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಹರಿದ ದಿನವೇ ಬಂದಿದ್ದರೆ ಹೊಲಿಗೆ ಸುಲಭವಿತ್ತು. ಓದುಗರೆಲ್ಲ ಇದನ್ನು ನೆನಪಿಡಿ: ಮೂಗು ಹರಿದರೆ ಕೆಲವು ಗಂಟೆಯೊಳಗೆ ಡಾಕ್ಟ್ರ ಹತ್ತಿರ ಇರಬೇಕು. ಅರಿಶಿನ ಮೆತ್ತಿ ಮೂರು ದಿನ ಕಾದು ಬಂದರೆ ಅಂಚುಗಳು ಬೇರೆ ಬೇರೆಯಾಗಿ ಮಾಯಲು ಶುರುವಾಗಿರುತ್ತವೆ. ಹಳೆಯ ಸೀಳನ್ನೂ ಸರಿಮಾಡಬಹುದು. ಮಾಯಿದ ಅಂಚುಗಳನ್ನು ತೆಳುವಾಗಿ ಕೊಯ್ದು ಹಸಿ ಮಾಡಿ, ಪದರ ಪದರವಾಗಿ ಸೇರಿಸಿ ಹೊಲಿಯಬೇಕು. ಇದು ಹಳ್ಳಿಯ ಕೊಟ್ಟಿಗೆಯಲ್ಲಿ ಮಾಡುವ ಕೆಲಸ ಅಲ್ಲ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ ಕಡೆ ತೋರಿಸಿ. ಕರೆದುಕೊಂಡು ಹೋಗುವ ಮುಂಚೆ ಫೋನ್ ಮಾಡಿ ಶಸ್ತ್ರಚಿಕಿತ್ಸೆ ವಿಭಾಗದಲ್ಲಿ ವಿಚಾರಿಸಿ. ಹೊಲಿಗೆ ಗಟ್ಟಿಯಾದ ಮೇಲೂ ಆ ಮೂಗಿಗೆ ಮತ್ತೆ ದಾರ ಹಾಕುವ ಆಸೆ ಬಿಡಿ, ಗಾಯದ ಕಲೆಯ ಮಾಂಸಕ್ಕೆ ಮೊದಲಿನ ಬಲ ಬರುವುದಿಲ್ಲ. ಮುಖದ ಹಗ್ಗ, ಕತ್ತಿನ ಹಗ್ಗ ಇವೆರಡರಲ್ಲೇ ಸಾಕಿ. ಹಬ್ಬಕ್ಕೆ ಕೊಬ್ಬರಿ ಸರ, ಮೈಮೇಲೆ ಹೊದಿಸುವ ಜೂಲಾ ಎಲ್ಲಾ ಕಟ್ಟಲು ಮೂಗಿನ ಅಗತ್ಯವೇನೂ ಇಲ್ಲವಲ್ಲ.

ಪ್ರಶ್ನೆ: ನಮ್ಮ ಎತ್ತಿಗೆ ಹೋದ ವರ್ಷ ಮೂಗುದಾರ ಹಾಕಿಸಿದ್ದೆವು. ಈಗ ಮೂಗಿನ ಮೇಲ್ಭಾಗಕ್ಕೆ ದಾರ ಒತ್ತಿ ಗೆರೆ ಬಿದ್ದಿದೆ, ಯಾವಾಗಲೂ ಸಿಂಬಳ ಸುರಿಯುತ್ತದೆ. (ತುರುವೇಕೆರೆಯಿಂದ)

ಉತ್ತರ: ಎತ್ತು ಬೆಳೆದಿದೆ, ದಾರ ಬೆಳೆದಿಲ್ಲ. ಮೂಗಿನಿಂದ ಹಣೆಯ ಮೇಲೆ ಹೋಗಿ ಕೊಂಬಿನ ಹಿಂದೆ ಕಟ್ಟುವ ದಾರವನ್ನು ಎಳೆಯ ವಯಸ್ಸಿನಲ್ಲಿ ಹಾಕಿದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ಸಡಿಲ ಮಾಡಬೇಕು. ದಾರದ ಕೆಳಗೆ ನಿಮ್ಮ ಅಂಗೈ ಆರಾಮಾಗಿ ತೂರಬೇಕು. ಸುಮ್ನೆ ನಿಂತ ಎತ್ತಿನ ಮೂಗನ್ನು ದಾರ ಎಳೆಯುತ್ತಲೇ ಇದ್ದರೆ ಎತ್ತಿಗೆ ನೋವು ಅಭ್ಯಾಸವಾಗಿಬಿಡುತ್ತದೆ. ಆಮೇಲೆ ನೀವು ಹಗ್ಗ ಜಗ್ಗಿದರೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಳೆಯದನ್ನು ಕತ್ತರಿಸಿ ತೆಗೆಯಿರಿ. ಹೊಸದನ್ನು ಹಳೆಯದರ ತುದಿಗೆ ಹೊಲಿದು ಎಳೆಯುವ ರೂಢಿ ಇದೆ. ಹೊಲಿಗೆಯ ಗಂಟು ತೂತಿನಲ್ಲಿ ಗೀರುತ್ತದೆ, ಅದು ಬೇಡ. ಮೆತ್ತಗಿನ ನೂಲಿನ ಹೆಣೆದ ದಾರ ತಂದು ಕುದಿಸಿ ಒಣಗಿಸಿ ಹಾಕಿ. ನೈಲಾನ್ ಅಗ್ಗ, ಬಾಳಿಕೆಯೂ ಬರುತ್ತದೆ, ಆದರೆ ಮೂಗು ಕೊಯ್ಯುತ್ತದೆ. ಸಿಂಬಳ ವಾರದಲ್ಲಿ ಕಡಿಮೆಯಾಗದಿದ್ದರೆ, ಅಥವಾ ಒಂದೇ ಹೊಳ್ಳೆಯಲ್ಲಿ ರಕ್ತ ಬೆರೆತು ಬಂದರೆ ತೋರಿಸಿ. ಅದು ಬೇರೆ ಕಾಯಿಲೆ ಇರಬಹುದು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕಾಲೇಜು ಓದುತ್ತಿದ್ದೇನೆ. ಮೂಗು ಚುಚ್ಚುವುದು ಕ್ರೌರ್ಯ ಅಲ್ಲವಾ ಮೇಡಂ? ಕಾನೂನಿನಲ್ಲಿ ಇದಕ್ಕೆ ಅವಕಾಶ ಇದೆಯಾ?

ಉತ್ತರ: ಅವಕಾಶ ಇದೆ, ಷರತ್ತಿನ ಮೇಲೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಕ್ರೌರ್ಯ ಯಾವುದು ಅಂತ ಪಟ್ಟಿ ಮಾಡುತ್ತದೆ. ಅದರ ಮೂರನೇ ಉಪವಿಭಾಗ, ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಹಾಕುವುದು, ಇವನ್ನು ನಿಗದಿಪಡಿಸಿದ ವಿಧಾನದಲ್ಲಿ ಮಾಡಿದರೆ ಕ್ರೌರ್ಯದ ಪಟ್ಟಿಯಿಂದ ಹೊರಗಿಡುತ್ತದೆ. ದನಗಳನ್ನು ನಡೆಸಿಕೊಂಡು ಸಾಗಿಸುವ ಬಗ್ಗೆ 2001ರ ನಿಯಮಗಳಿವೆ. ಅವುಗಳ ಪ್ರಕಾರ ದನವನ್ನು ಮೂಗಿನಿಂದ ಕಟ್ಟುವ ಹಾಗಿಲ್ಲ, ಕತ್ತಿನಿಂದ ಮಾತ್ರ ಕಟ್ಟಬೇಕು. ಜಾತ್ರೆಗೆ ಹೊಡೆದುಕೊಂಡು ಹೋಗುವವರಲ್ಲಿ ಇದು ಎಷ್ಟು ಜನಕ್ಕೆ ಗೊತ್ತಿದೆಯೋ ಕಾಣೆ.

ನನ್ನ ಅಭಿಪ್ರಾಯ ಕೇಳಿದರೆ, ಹಸುವಿಗೆ, ಮನೆಯ ಸಾಧು ಕರುವಿಗೆ ಮೂಗು ಚುಚ್ಚುವ ಅಗತ್ಯ ನನಗೆ ಕಂಡಿಲ್ಲ. ಮುಖದ ಹಗ್ಗ ಸಾಕು. ಆದರೆ ಬೆಳೆದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ವಿದೇಶಿ ಹಾಲಿನ ತಳಿ) ಹೋರಿ ಸಾವಿರ ಕೆಜಿ ಮುಟ್ಟುತ್ತದೆ. ಹಳ್ಳಿಕಾರ್ ತೂಕದಲ್ಲಿ ಅಷ್ಟಿಲ್ಲ, ಚುರುಕಿನಲ್ಲಿ ಎರಡರಷ್ಟು. ಅದರ ಜೊತೆ ದಿನಾ ಕೆಲಸ ಮಾಡುವುದು ಒಬ್ಬ ಮುದುಕರೋ, ಒಬ್ಬ ಹೆಣ್ಣುಮಗಳೋ ಆಗಿರುತ್ತಾರೆ. ಮರಗಟ್ಟಿಸಿ ಹಾಕಿದ ಒಂದು ಉಂಗುರದಿಂದ ಅವರ ಜೀವ ಉಳಿಯುತ್ತದೆ ಅಂದರೆ ನಾನು ಹಾಕಿಸಿ ಅಂತಲೇ ಹೇಳುತ್ತೇನೆ. ಮದ್ದು ಕೊಡದೆ ನಾಲ್ಕು ಜನ ಕೆಡವಿಕೊಂಡು ದಬ್ಬಣ ಚುಚ್ಚುವುದನ್ನು ಕ್ರೌರ್ಯ ಅಂದರೆ ಅದಕ್ಕೂ ನನ್ನ ಒಪ್ಪಿಗೆ ಇದೆ.

ಪ್ರಶ್ನೆ: ಹೋರಿಯ ಉಂಗುರದ ತಿರುಪು ಬಿದ್ದುಹೋಗಿದೆ. ಸದ್ಯಕ್ಕೆ ಬೈಂಡಿಂಗ್ ವೈರ್ ಸುತ್ತಿದ್ದೇವೆ. ನಡೆಯುತ್ತಾ? (ಮದ್ದೂರಿನಿಂದ)

ಉತ್ತರ: ನಡೆಯಲ್ಲ. ಇವತ್ತೇ ಬಿಚ್ಚಿ. ಆ ತಂತಿಯ ತುದಿ ಮೊದಲು ಹೊಳ್ಳೆ ಗೀರುತ್ತದೆ, ಆಮೇಲೆ ಮುರಿದು ಗೋದಲಿಗೆ ಬೀಳುತ್ತದೆ, ಹುಲ್ಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ದನ ನುಂಗಿದ ತಂತಿ ಹೊಟ್ಟೆಯ ಗೋಡೆ ದಾಟಿ ಎದೆಗೂಡಿನವರೆಗೆ ಚುಚ್ಚಿಕೊಂಡು ಹೋಗುವುದುಂಟು. ಉಂಗುರವನ್ನೇ ತೆಗೆದಿಡಿ. ಹಳೆಯ ತೂತು ಪೂರ್ತಿ ಮಾಯ್ದಿದ್ದರೆ ಕೆಲವು ದಿನಕ್ಕೆ ಮುಚ್ಚಿಹೋಗುವುದಿಲ್ಲ, ಹೆದರಬೇಡಿ. ಅದೇ ಅಳತೆಯ ಹೊಸ ಉಂಗುರ ತರಿಸಿ, ತಿರುಪು ಬಿಗಿದ ಮೇಲೆ ಹೊರಗೆ ಉಳಿದ ತಲೆಯನ್ನು ಅರದಲ್ಲಿ ಉಜ್ಜಿ. ಅಲ್ಲಿಯವರೆಗೆ ಹೋರಿ ಮುಖದ ಹಗ್ಗದಲ್ಲೇ ಇರಲಿ, ಹೊರಗೆ ಹೊಡೆಯುವಾಗ ಇಬ್ಬರು ಹಿಡಿಯಿರಿ.